ಮೀನಿಗೆ ಕಣ್ಣು ಬಂದಿದೆಯಾ?



ನಮ್ಮ ಶಾಲೆಯ ವರಾಂಡದಲ್ಲಿರುವ ಗಾಜಿನ ತೊಟ್ಟಿಯಲ್ಲಿ ಎರಡು ಮೀನುಗಳಿಗೆ ಕಣ್ಣಿನ ತೊಂದರೆ ಆಗಿದ್ದು ನಿಮಗೆಲ್ಲ ಗೊತ್ತೇ ಇದೆ. ಕಿತ್ತಳೆ ಬಣ್ಣದ ದೊಡ್ಡ ಗೋಲ್ಡ್ ಫಿಷ್‌ನ ಬಲಗಣ್ಣು ಊದಿಕೊಂಡು ಗೋಲಿಯ ಹಾಗೆ ಹೊರಗೆ ಬಂತು. ಬಿಳಿ ಮೀನಿನ ಎರಡೂ ಕಣ್ಣು ಮಜ್ಜಿಗೆ ನೀರು ಹೊಯ್ದ ಹಾಗೆ ಮಬ್ಬಾಯಿತು. ಆವಾಗಿನಿಂದ ನಮ್ಮ ಶಾಲೆಯಲ್ಲಿ ಎಲ್ಲರೂ ಡಾಕ್ಟರೇ! "ಮೀನಿಗೆ ಕಣ್ಣು ಬಂದಿದೆ ಕಣ್ರೋ, ನೋಡಿದ್ರೆ ನಮಗೂ ಬರುತ್ತೆ" ಅಂತ ಐದನೇ ಕ್ಲಾಸಿನವರು ಆ ಕಡೆ ಹೋಗೋದೇ ಬಿಟ್ಟರು. ಅರಿಶಿನ ಹಾಕಿ ಅಂತ ಕೆಲವರು, ಜ್ವರದ ಮಾತ್ರೆ ಪುಡಿ ಮಾಡಿ ಹಾಕಿ ಅಂತ ಕೆಲವರು, ಹಿಡಿದು ಕೆರೆಗೆ ಬಿಟ್ಟುಬಿಡಿ ಅಂತ ಇನ್ನು ಕೆಲವರು. ದೀಪಾವಳಿ ರಜೆ ಮುಗಿಸಿ ಬಂದಾಗ ಒಂದು ಮೀನು ಸತ್ತಿದ್ದರಿಂದ, ಇನ್ನೊಂದು ಸತ್ತರೆ ತೊಟ್ಟಿ ಖಾಲಿ ಮಾಡಿ ಸಾಮಾನಿನ ಕೋಣೆಗೆ ಹಾಕುವುದಾಗಿ ಹೆಡ್ ಮೇಷ್ಟ್ರು ಹೇಳಿದ್ದಾರೆ. ಆದ್ದರಿಂದ ವಿಜ್ಞಾನದ ಮೇಡಂ ಕೊಟ್ಟ ಪುಸ್ತಕಗಳನ್ನು ಓದಿ, ಮೇಡಂ ಜೊತೆ ಹೋಗಿ ತಾಲ್ಲೂಕಿನ ಮೀನುಗಾರಿಕೆ ಕಚೇರಿಯವರನ್ನೂ ಕೇಳಿ, ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಚಿತ್ರವನ್ನೂ ನಾನೇ ಬಿಡಿಸಿದ್ದು. ಮೀನು ಸ್ವಲ್ಪ ಬಾಳೆಕಾಯಿ ಥರ ಬಂದಿದೆ, ಕಣ್ಣು ಮಾತ್ರ ಸರಿಯಾಗಿದೆ.

ಮೊದಲು ಭಯದ ವಿಷಯ ಮುಗಿಸಿಬಿಡುತ್ತೇನೆ. ನಮಗೆ ಕಣ್ಣು ಬರುವುದು ಎಂದರೆ ರೆಪ್ಪೆಯ ಒಳಗಿನ ತೆಳು ಪದರ ಕೆಂಪಾಗಿ ಊದಿಕೊಳ್ಳುವುದು. ಅದು ಒಬ್ಬರ ಕೈಯಿಂದ, ಟವೆಲಿನಿಂದ ಇನ್ನೊಬ್ಬರಿಗೆ ಹರಡುತ್ತದೆ. ನೋಡಿದರೆ ಬರುತ್ತದೆ ಅನ್ನೋದು ಮನುಷ್ಯರ ವಿಷಯದಲ್ಲೂ ಸುಳ್ಳು. ಗೋಲ್ಡ್ ಫಿಷ್‌ಗೆ ರೆಪ್ಪೆಯೇ ಇಲ್ಲ. ಅದರ ಕಾಯಿಲೆ ಬೇರೆ, ನಮ್ಮದು ಬೇರೆ. ಹೆದರದೆ ನೋಡಿ.

ಮೀನಿನ ಕಣ್ಣು ಹೇಗಿದೆ?

ಮನೆಯಲ್ಲಿ ಮೀನು ಸಾರು ಮಾಡಿದಾಗ ಮೀನಿನ ತಲೆ ತಿನ್ನುವವರಿಗೆ ಇದು ಬೇಗ ಅರ್ಥವಾಗುತ್ತೆ. ಬೆಂದ ಮೀನಿನ ಕಣ್ಣಿನಿಂದ ಗಟ್ಟಿಯಾದ ಬಿಳೀ ಗುಂಡು ಒಂದು ಹೊರಗೆ ಬರುತ್ತದಲ್ಲ, ಅದೇ ಮೀನಿನ ಕಣ್ಣಿನ ಮಸೂರ. ಬದುಕಿರುವ ಮೀನಿನಲ್ಲಿ ಅದು ಬಿಳಿ ಅಲ್ಲ, ಗಾಜಿನ ಗೋಲಿಯ ಹಾಗೆ ತಿಳಿಯಾಗಿರುತ್ತದೆ. ಬೇಯಿಸಿದಾಗ ಕೋಳಿಮೊಟ್ಟೆಯ ಲೋಳೆ ಬೆಳ್ಳಗಾಗುವ ಹಾಗೆ ಇದರಲ್ಲಿರುವ ಪ್ರೋಟೀನ್ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಪೊರೆಯ ವಿಷಯ ಬಂದಾಗ ಬೇಕಾಗುತ್ತೆ.

ನಮ್ಮ ಕಣ್ಣಿನ ಮಸೂರ ಅವರೆಕಾಳಿನ ಹಾಗೆ ಚಪ್ಪಟೆ. ಮೀನಿನದು ಪೂರಾ ಗುಂಡು. ಯಾಕೆ ಗೊತ್ತಾ? ನಮ್ಮ ಕಣ್ಣಿನ ಮುಂದಿನ ತಿಳಿ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ಗಾಳಿಯಿಂದ ಬರುವ ಬೆಳಕನ್ನು ಹೆಚ್ಚಾಗಿ ಬಾಗಿಸುವುದು ಅದೇ. ಆದರೆ ನೀರಿನೊಳಗೆ ಕಾರ್ನಿಯಾಕ್ಕೆ ಕೆಲಸವೇ ಇಲ್ಲ, ಯಾಕೆಂದರೆ ನೀರೂ ಕಾರ್ನಿಯಾವೂ ಬೆಳಕನ್ನು ಬಾಗಿಸುವುದರಲ್ಲಿ ಹೆಚ್ಚು ಕಡಿಮೆ ಒಂದೇ. ಬಾವಿಗೆ ಇಳಿದು ಈಜುವಾಗ ನೀರಲ್ಲಿ ಕಣ್ಣು ಬಿಟ್ಟರೆ ಎಲ್ಲ ಕಲಸಿಹೋದ ಹಾಗೆ ಕಾಣೋದು ಇದಕ್ಕೇ. ಮೀನಿನಲ್ಲಿ ಆ ಕೆಲಸವನ್ನೆಲ್ಲ ಗುಂಡು ಮಸೂರ ಒಂದೇ ಮಾಡಬೇಕು. ಹತ್ತಿರದ್ದು ದೂರದ್ದು ನೋಡಲು ನಮ್ಮ ಮಸೂರ ಆಕಾರ ಬದಲಾಯಿಸುತ್ತದೆ. ಮೀನು ಮಸೂರವನ್ನೇ ಹಿಂದೆ ಮುಂದೆ ಸರಿಸುತ್ತದೆ.

ಮೀನಿಗೆ ರೆಪ್ಪೆ ಇಲ್ಲ, ನಮ್ಮ ಹಾಗೆ ಕಣ್ಣೀರೂ ಇಲ್ಲ (ಕೆಲವು ಶಾರ್ಕ್ ಮೀನುಗಳಿಗೆ ರೆಪ್ಪೆಯಂಥದ್ದು ಇದೆ, ಅದನ್ನ ಬಿಡಿ). ನಮ್ಮ ಕಣ್ಣಿಗೆ ಹೊಗೆ ಹೋದರೆ ಮುಚ್ಚಿಕೊಳ್ಳುತ್ತೇವೆ, ನೀರು ಬರುತ್ತದೆ, ಉಜ್ಜಿಕೊಳ್ಳುತ್ತೇವೆ. ಮೀನು ಏನು ಮಾಡಬೇಕು? ಅದರ ಸುತ್ತ ಇರುವ ನೀರು ಕೆಟ್ಟರೆ ಹಗಲೂ ರಾತ್ರಿ ಆ ನೀರೇ ಕಣ್ಣಿಗೆ ತಾಗುತ್ತಾ ಇರುತ್ತದೆ. ಮೀನಿನ ಕಣ್ಣು ಕೆಟ್ಟರೆ ಮೊದಲು ಮೀನನ್ನಲ್ಲ, ನೀರನ್ನು ನೋಡಿ ಅಂತ ಎಲ್ಲ ಪುಸ್ತಕಗಳೂ ಹೇಳುವುದು ಇದಕ್ಕೇ.

ಹೇಗೆ ಪರೀಕ್ಷೆ ಮಾಡುವುದು?

ಮೀನನ್ನು ಕೈಯಲ್ಲಿ ಹಿಡಿಯಬೇಡಿ. ಅದರ ಮೈಮೇಲಿನ ಲೋಳೆ ಹೋದರೆ ಇನ್ನೊಂದು ಕಾಯಿಲೆ ಶುರು. ಒಂದು ಟಾರ್ಚ್ ಸಾಕು. ವರಾಂಡದಲ್ಲಿ ಹೊರಗಿನ ಬೆಳಕು ಕಡಿಮೆ ಇರುವಾಗ ತೊಟ್ಟಿಯ ಪಕ್ಕದಿಂದ, ಓರೆಯಾಗಿ, ಸ್ವಲ್ಪ ಹೊತ್ತು ಮಾತ್ರ ಬೆಳಕು ಬಿಟ್ಟು ನೋಡಬೇಕು. ಆಮೇಲೆ ಮೇಲಿನಿಂದಲೂ ನೋಡಬೇಕು. ಕಣ್ಣು ಉಬ್ಬಿದೆಯೋ ಇಲ್ಲವೋ ಅನ್ನೋದು ಮೇಲಿನಿಂದ ನೋಡಿದರೇನೇ ಚೆನ್ನಾಗಿ ತಿಳಿಯೋದು. ಎರಡೂ ಕಡೆ ಸಮ ಇದೆಯಾ, ಒಂದೇ ಕಡೆ ಉಬ್ಬಿದೆಯಾ ಅಂತ ಗುರುತು ಹಾಕಿಕೊಳ್ಳಿ.

ಮಬ್ಬು ಇದ್ದರೆ, ಆ ಮಬ್ಬು ಎಲ್ಲಿದೆ ಎನ್ನುವುದೇ ಮುಖ್ಯ ಪ್ರಶ್ನೆ. ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಕಣ್ಣಿನ ಮೇಲ್ಗಡೆ ಪೂರ್ತಿ ಹರಡಿದ್ದರೆ ಅದು ಕಾರ್ನಿಯಾದ ಮಬ್ಬು. ಮೇಲ್ಭಾಗ ತಿಳಿಯಾಗಿದ್ದು, ಒಳಗೆ ಕಪ್ಪು ಬೊಟ್ಟಿನ ಜಾಗದಲ್ಲಿ ಬಿಳೀ ಮುತ್ತು ಇಟ್ಟ ಹಾಗೆ ಕಂಡರೆ ಅದು ಮಸೂರದ ಮಬ್ಬು, ಅಂದರೆ ಪೊರೆ. ಟಾರ್ಚಿನ ಬೆಳಕು ಓರೆಯಾಗಿ ಬಿದ್ದಾಗ ಎರಡಕ್ಕೂ ಇರುವ ವ್ಯತ್ಯಾಸ ಕಾಣುತ್ತೆ. ಬರೀ ಎದುರಿಂದ ನೋಡಿದರೆ ಎರಡೂ ಒಂದೇ ಥರ. ಬಿಳಿ ಮೀನನ್ನು ನೋಡಿ ಪೊರೆ ಬಂದಿದೆ, ಕುರುಡಾಯ್ತು ಅಂತ ಎಲ್ಲರೂ ತೀರ್ಮಾನ ಮಾಡಿದ್ದರು. ಓರೆ ಬೆಳಕಲ್ಲಿ ನೋಡಿದಾಗ ಮಬ್ಬು ಮೇಲ್ಗಡೆನೇ ಇತ್ತು. ಅದು ವಾಸಿಯಾಗುವಂಥದ್ದು.

ಎರಡನೇ ಪ್ರಶ್ನೆ: ಒಂದು ಕಣ್ಣೋ, ಎರಡು ಕಣ್ಣೋ? ಒಂದೇ ಕಣ್ಣಾದರೆ ಸಾಮಾನ್ಯವಾಗಿ ಪೆಟ್ಟು. ಕಲ್ಲಿಗೋ ಬಲೆಗೋ ತಗುಲಿರುತ್ತೆ, ಇಲ್ಲಾ ಇನ್ನೊಂದು ಮೀನು ಕಚ್ಚಿರುತ್ತೆ. ಎರಡೂ ಕಣ್ಣಾದರೆ ನೀರಿನ ಮೇಲೆ ಇಲ್ಲವೇ ಮೀನಿನ ಹೊಟ್ಟೆಯೊಳಗಿನ ಕಾಯಿಲೆ ಮೇಲೆ ಅನುಮಾನ ಪಡಬೇಕು. ಪೆಟ್ಟು ಎರಡೂ ಕಡೆ ಒಂದೇ ಸಲ ಬೀಳುವುದು ಕಷ್ಟ ಅಲ್ವಾ? ಆದರೆ ಇದು ಗಟ್ಟಿ ನಿಯಮ ಅಲ್ಲ. ಒಳಗಿನ ಸೋಂಕು ಒಂದೇ ಕಣ್ಣಲ್ಲಿ ಶುರುವಾಗುವುದೂ ಉಂಟು.

ಮೂರನೆಯದು, ಕಣ್ಣು ಬಿಟ್ಟು ಉಳಿದ ಮೈ ನೋಡುವುದು. ತಿನ್ನುತ್ತಿದೆಯಾ? ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಾ? ಹೊಟ್ಟೆ ಉಬ್ಬಿದೆಯಾ? ಬೇರೆ ಮೀನುಗಳು ಹೇಗಿವೆ? ಇದಿಷ್ಟನ್ನೂ ದಿನಾ ಬರೆದಿಡಬೇಕು. ನೆನಪಿನ ಮೇಲೆ ಹೋದರೆ ನಿನ್ನೆಗಿಂತ ಇವತ್ತು ದೊಡ್ಡದಾಗಿದೆ ಅಂತ ಒಬ್ಬರು, ಚಿಕ್ಕದಾಗಿದೆ ಅಂತ ಒಬ್ಬರು ಜಗಳ ಆಡ್ತಾರೆ.

ಕಾಯಿಲೆಯೇ ಅಲ್ಲದ ಕಣ್ಣುಗಳೂ ಇವೆ. ಟೆಲಿಸ್ಕೋಪ್ ಗೋಲ್ಡ್ ಫಿಷ್, ಕಪ್ಪು ಬಣ್ಣದ ಬ್ಲ್ಯಾಕ್ ಮೂರ್, ಇವಕ್ಕೆ ಕಣ್ಣು ಉಬ್ಬಿರುವುದೇ ಲಕ್ಷಣ. ಬಬಲ್ ಐ ಎಂಬ ಜಾತಿಗೆ ಕಣ್ಣಿನ ಕೆಳಗೆ ನೀರು ತುಂಬಿದ ಚೀಲವೇ ಇರುತ್ತದೆ. ಸೆಲೆಸ್ಟಿಯಲ್ ಅನ್ನುವ ಜಾತಿಯ ಕಣ್ಣು ಯಾವಾಗಲೂ ಆಕಾಶ ನೋಡುತ್ತಿರುತ್ತದೆ. ಇವೆಲ್ಲ ಮನುಷ್ಯರೇ ಆರಿಸಿ ಆರಿಸಿ ಬೆಳೆಸಿದ ತಳಿಗಳು. ನೋಡೋಕೆ ತಮಾಷೆ, ಆದರೆ ಇವಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬೇಗ ಪೆಟ್ಟೂ ಬೀಳುತ್ತದೆ. ಹೀಗೆ ಬೆಳೆಸಿದ್ದು ನನಗಂತೂ ಸರಿ ಅನ್ನಿಸಲಿಲ್ಲ.

ಮಬ್ಬು ಯಾಕೆ ಬರುತ್ತೆ?

ಹೆಚ್ಚಿನ ಸಲ ಕಾರಣ ಅಮೋನಿಯ. ಮೀನು ತಿಂದದ್ದರಲ್ಲಿ ಉಳಿಯುವ ಕಸವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯ ರೂಪದಲ್ಲಿ ಹೊರಗೆ ಬಿಡುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯವೇ. ದನದ ಕೊಟ್ಟಿಗೆ ಎರಡು ದಿನ ಬಾಚದಿದ್ದರೆ ಮೂಗಿಗೆ ಅಡರುತ್ತದಲ್ಲ, ಆ ಘಾಟು. ಕೊಟ್ಟಿಗೆಯಲ್ಲಿ ನಮ್ಮ ಕಣ್ಣೇ ಉರಿಯುತ್ತೆ. ಹಾಗಿದ್ದ ಮೇಲೆ ಅದು ಕರಗಿದ ನೀರಲ್ಲೇ ಇರುವ ಕಣ್ಣಿನ ಗತಿ ಏನು?

ತೊಟ್ಟಿ ಹಳೆಯದಾದರೆ ಅದರೊಳಗಿನ ಮರಳಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಗಳು ಬೆಳೆದಿರುತ್ತವೆ. ಅವು ಅಮೋನಿಯವನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಆಮೇಲೆ ನೈಟ್ರೇಟ್ ಮಾಡುತ್ತವೆ, ಅದು ಅಷ್ಟು ಅಪಾಯ ಅಲ್ಲ. ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ಫಳಫಳ ತೊಳೆದರೆ ಆ ಬ್ಯಾಕ್ಟೀರಿಯಗಳೆಲ್ಲ ಹೋಗಿ, ಕೆಲವೇ ದಿನಕ್ಕೆ ಅಮೋನಿಯ ಏರುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿದರೆ ಸಾಕು. ಗಲೀಜು ಅನ್ನಿಸಿದರೂ ಅದೇ ಸರಿ.

ನಮ್ಮ ಊರಿನ ಬೋರ್‌ವೆಲ್ ನೀರು ಗಡಸು. ಬಿಂದಿಗೆಯ ಒಳಗೆ ಸುಣ್ಣದ ಹಾಗೆ ಬಿಳೀ ಪದರ ಕಟ್ಟುತ್ತೆ. ಇಂಥ ನೀರು ಸಾಮಾನ್ಯವಾಗಿ ಪ್ರತ್ಯಾಮ್ಲೀಯ, ಅಂದರೆ ಕ್ಷಾರದ ಕಡೆಗೆ ಇರುತ್ತದೆ. ಅಂಥ ನೀರಲ್ಲಿ ಅದೂ ಬಿಸಿಲುಕಾಲದಲ್ಲಿ, ಇದ್ದ ಅಮೋನಿಯದಲ್ಲೇ ಹೆಚ್ಚು ಭಾಗ ವಿಷದ ರೂಪಕ್ಕೆ ತಿರುಗುತ್ತದೆ. ಆದ್ದರಿಂದ ಬೇರೆಯವರ ತೊಟ್ಟಿಗಿಂತ ನಮ್ಮ ತೊಟ್ಟಿಗೆ ಹೆಚ್ಚು ಎಚ್ಚರಿಕೆ ಬೇಕು.

ಈಗ ನಮ್ಮ ತೊಟ್ಟಿಯ ಲೆಕ್ಕ ಮಾಡೋಣ. ಉದ್ದ 75 ಸೆಂ.ಮೀ., ಅಗಲ 30 ಸೆಂ.ಮೀ., ನೀರಿನ ಎತ್ತರ 27 ಸೆಂ.ಮೀ. ಮೂರನ್ನೂ ಗುಣಿಸಿದರೆ 60,750 ಘನ ಸೆಂ.ಮೀ. 1000ದಿಂದ ಭಾಗಿಸಿದರೆ ಸುಮಾರು 60 ಲೀಟರ್. ಮರಳು, ಕಲ್ಲಿನ ಜಾಗ ಕಳೆದರೆ 55 ಲೀಟರ್ ಅಂತ ಇಟ್ಟುಕೊಳ್ಳಿ. ಅದರಲ್ಲಿ ಇದ್ದದ್ದು 7 ಗೋಲ್ಡ್ ಫಿಷ್. ಗೋಲ್ಡ್ ಫಿಷ್ ಅಂದರೆ ಬೆರಳುದ್ದದ ಮೀನಲ್ಲ, ಜಾಗ ಸಿಕ್ಕರೆ ಒಂದು ಗೇಣು ಬೆಳೆಯುತ್ತದೆ, ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ. ಇಷ್ಟು ನೀರಿಗೆ ಎರಡೇ ಹೆಚ್ಚು. ಮೀನು ತಂದುಕೊಟ್ಟವರಿಗೆ ಇದನ್ನು ಓದಿ ಬೇಜಾರಾಗಬಹುದು, ಆದರೂ ಬರೆಯದೆ ವಿಧಿ ಇಲ್ಲ. ಇದರ ಜೊತೆಗೆ ಬಿಸಿಯೂಟದ ಅನ್ನ! ಮೀನಿಗೂ ಹಸಿವಾಗುತ್ತೆ ಪಾಪ ಅಂತ ದಿನಾ ಒಂದೊಂದು ತುತ್ತು ಹಾಕಿದರೆ ಅದರಲ್ಲಿ ಮುಕ್ಕಾಲು ಪಾಲು ಮರಳಿನೊಳಗೆ ಹೋಗಿ ಕೊಳೆಯುತ್ತದೆ. ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಎರಡು ಮೂರು ದಿನ ಏನೂ ಹಾಕದಿದ್ದರೂ ಆರೋಗ್ಯವಾಗಿರುವ ದೊಡ್ಡ ಮೀನು ಸಾಯುವುದಿಲ್ಲ.

ಪಂಚಾಯಿತಿ ನಲ್ಲಿ ನೀರಿನ ವಿಷಯವೂ ಇದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಅದು ನಮಗೆ ಒಳ್ಳೆಯದು, ಮೀನಿನ ಕಿವಿರಿಗೂ ಕಣ್ಣಿಗೂ ಕೆಟ್ಟದ್ದು. ಆ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಆಗಾಗ ಕಲಕಿದರೆ ಕ್ಲೋರಿನ್ ಹೋಗುತ್ತದೆ. ಬೋರ್‌ವೆಲ್ ನೀರಿಗೆ ಕ್ಲೋರಿನ್ ಇಲ್ಲವಲ್ಲ, ನೇರ ಹಾಕಬಹುದಲ್ಲ ಅಂತ ಕೇಳಬಹುದು. ಹಾಕಬಾರದು. ನೆಲದಡಿಯಲ್ಲಿ ಒತ್ತಡ ಹೆಚ್ಚಿರುವುದರಿಂದ ಆ ನೀರಿನಲ್ಲಿ ಕೆಲವು ಸಲ ಗಾಳಿಯ ನೈಟ್ರೋಜನ್ ಮಿತಿಮೀರಿ ಕರಗಿರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವ ಹಾಗೆ ಆಮೇಲೆ ಅದು ಮೀನಿನ ಮೈಯೊಳಗೇ ಗುಳ್ಳೆಯಾಗುತ್ತದೆ. ಕಣ್ಣಿನೊಳಗೆ, ಕಣ್ಣಿನ ಹಿಂದೆ ಗುಳ್ಳೆ ಕಟ್ಟಿ ಕಣ್ಣು ಹೊರಗೆ ಬರುವುದೂ ಉಂಟು. ಬೋರ್‌ವೆಲ್ ನೀರನ್ನೂ ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ಸುರಿದು, ಒಂದು ದಿನ ಇಟ್ಟು ಆಮೇಲೆ ಹಾಕಿ.

ಪೊರೆ ಮತ್ತು ಕಣ್ಣಿನ ಹುಳು

ಮಸೂರದ ಪೊರೆ ಅಂದರೆ ಸಾರಿನ ಮೀನಿನ ಕಣ್ಣಿನಲ್ಲಿ ಆದದ್ದೇ ಬದುಕಿರುವಾಗ ನಿಧಾನವಾಗಿ ಆಗುವುದು. ಪ್ರೋಟೀನ್ ಗಂಟುಗಟ್ಟಿ ಬೆಳ್ಳಗಾಗುತ್ತದೆ. ಮುದಿ ಮೀನಿಗೆ ಬರಬಹುದು. ಸಾಕಣೆ ಮೀನುಗಳ ಆಹಾರದಲ್ಲಿ ಸತು ಅಥವಾ ರೈಬೋಫ್ಲಾವಿನ್ ಎಂಬ ವಿಟಮಿನ್ ಕಡಿಮೆಯಾದರೂ ಬರುತ್ತದೆ ಅಂತ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ನಮ್ಮ ಅಜ್ಜಿಗೆ ಆಪರೇಷನ್ ಮಾಡಿ ಪೊರೆ ತೆಗೆದು ಬೇರೆ ಮಸೂರ ಹಾಕಿದರು, ಈಗ ಅಕ್ಕಿಯಲ್ಲಿ ಕಲ್ಲು ಆರಿಸ್ತಾರೆ. ಮೀನಿಗೆ ಹಾಗೆ ಮಾಡುವವರು ನಮ್ಮ ಸುತ್ತಮುತ್ತ ಯಾರೂ ಇಲ್ಲ. ತೊಟ್ಟಿಗೆ ಔಷಧಿ ಹಾಕಿದರೆ ಪೊರೆ ಕರಗುವುದೂ ಇಲ್ಲ.

ಪೊರೆ ತರುವ ಇನ್ನೊಂದು ವಿಚಿತ್ರ ಇದೆ. ನನಗೆ ಬಹಳ ಆಶ್ಚರ್ಯವಾದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಡಿಪ್ಲೋಸ್ಟೋಮಮ್ ಎಂಬ ಚಿಕ್ಕ ಚಪ್ಪಟೆ ಹುಳು. ದೊಡ್ಡ ಹುಳು ಇರುವುದು ಮೀನು ತಿನ್ನುವ ಹಕ್ಕಿಗಳ ಕರುಳಿನಲ್ಲಿ. ಹಕ್ಕಿಯ ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ ಬೀಳುತ್ತದೆ. ಮೊಟ್ಟೆ ಒಡೆದು ಬಂದ ಮರಿ ನೀರಿನ ಬಸವನಹುಳುವಿನ ಒಳಗೆ ಹೊಕ್ಕು ಅಲ್ಲಿ ಒಂದು ಹೋಗಿ ಸಾವಿರವಾಗುತ್ತದೆ. ಅಲ್ಲಿಂದ ಹೊರಬಂದು ಮೀನಿನ ಚರ್ಮವನ್ನು ಕೊರೆದು ಒಳಗೆ ಹೋಗುತ್ತದೆ. ಮೈಯೊಳಗೆ ದಾರಿ ಹುಡುಕಿಕೊಂಡು ನೇರವಾಗಿ ಕಣ್ಣಿಗೇ ಹೋಗಿ ಮಸೂರದೊಳಗೆ ಕೂರುತ್ತದೆ! ಹೆಚ್ಚು ಹುಳು ಸೇರಿದರೆ ಪೊರೆ ಬಂದು ಮೀನು ಕುರುಡಾಗುತ್ತದೆ. ಕುರುಡು ಮೀನಿಗೆ ಮೇಲಿನಿಂದ ಎರಗುವ ಹಕ್ಕಿ ಕಾಣುವುದಿಲ್ಲ, ಸುಲಭವಾಗಿ ಸಿಕ್ಕಿಬೀಳುತ್ತದೆ. ಹಕ್ಕಿ ತಿಂದಾಗ ಹುಳು ಮತ್ತೆ ತನ್ನ ಮೊದಲಿನ ಮನೆ ಸೇರುತ್ತದೆ. ಹುಳುವಿಗೆ ಮಿದುಳು ಅನ್ನುವಷ್ಟು ಮಿದುಳೇ ಇಲ್ಲ, ಆದರೂ ಉಪಾಯ ನೋಡಿ.

ಶಾಲೆಯ ತೊಟ್ಟಿಯಲ್ಲಿ ಹಕ್ಕಿ ಇಲ್ಲವಾದ್ದರಿಂದ ಈ ಚಕ್ರ ಅಲ್ಲಿ ಪೂರ್ತಿಯಾಗುವುದಿಲ್ಲ. ಆದರೆ ಕೆರೆಯಿಂದ ಬಸವನಹುಳು ತಂದು ಚೆನ್ನಾಗಿರುತ್ತೆ ಅಂತ ತೊಟ್ಟಿಗೆ ಬಿಟ್ಟರೆ ಅದರೊಳಗೆ ಇಂಥದ್ದು ಇರಬಹುದು. ತರಬೇಡಿ.

ಕಣ್ಣು ಉಬ್ಬುವುದು

ಇದು ಕಾಯಿಲೆಯ ಹೆಸರಲ್ಲ, ಜ್ವರದ ಹಾಗೆ ಒಂದು ಲಕ್ಷಣ ಅಷ್ಟೆ. ಕಣ್ಣಿನ ಹಿಂದೆ ನೀರು, ಕೀವು, ರಕ್ತ ಅಥವಾ ಗಾಳಿ ಸೇರಿದರೆ ಕಣ್ಣನ್ನು ಮುಂದಕ್ಕೆ ತಳ್ಳುತ್ತದೆ. ಪೆಟ್ಟು ಬಿದ್ದರೂ ಹೀಗಾಗುತ್ತದೆ, ಬ್ಯಾಕ್ಟೀರಿಯ ಸೋಂಕಿನಿಂದಲೂ ಆಗುತ್ತದೆ, ಮೂತ್ರಪಿಂಡ ಕೆಟ್ಟರೂ ಆಗುತ್ತದೆ.

ಮೂತ್ರಪಿಂಡಕ್ಕೂ ಕಣ್ಣಿಗೂ ಏನು ಸಂಬಂಧ? ಒಣದ್ರಾಕ್ಷಿಯನ್ನು ನೀರಿಗೆ ಹಾಕಿ ಉಬ್ಬುವುದನ್ನು ನೋಡಿದ್ದೇವಲ್ಲ, ಸಿಹಿನೀರಿನ ಮೀನೂ ಹಾಗೆಯೇ. ಅದರ ಮೈಯಲ್ಲಿ ಹೊರಗಿನ ನೀರಿಗಿಂತ ಹೆಚ್ಚು ಉಪ್ಪಿನ ಅಂಶ ಇರುವುದರಿಂದ ಕಿವಿರಿನ ಮೂಲಕ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ. ಮೂತ್ರಪಿಂಡಗಳು ಹಗಲು ರಾತ್ರಿ ಅದನ್ನು ಹೊರಗೆ ಹಾಕುತ್ತಲೇ ಇರಬೇಕು. ಅವು ಸೋತರೆ ನೀರು ಮೈಯಲ್ಲೇ ನಿಲ್ಲುತ್ತದೆ. ಎರಡೂ ಕಣ್ಣು ಉಬ್ಬುತ್ತವೆ, ಹೊಟ್ಟೆ ಉಬ್ಬುತ್ತದೆ, ಮೈಮೇಲಿನ ಹುರುಪೆಗಳು ಹಲಸಿನಕಾಯಿ ಮುಳ್ಳಿನ ಹಾಗೆ ನೆಟ್ಟಗೆ ನಿಲ್ಲುತ್ತವೆ. ಹುರುಪೆ ನಿಂತ ಮೇಲೆ ಬದುಕುವುದು ಬಹಳ ಕಷ್ಟ. ಇದನ್ನು ಮುಚ್ಚಿಡಬಾರದು. ದೀಪಾವಳಿ ರಜೆಯಲ್ಲಿ ಸತ್ತ ಮೀನಿನ ಹುರುಪೆ ಹಾಗೆಯೇ ನಿಂತಿತ್ತು ಅಂತ ಅದನ್ನು ಹೂಳಿದವರು ಹೇಳಿದರು.

ಮೈಗಿಂತ ನೀರು ಸಪ್ಪೆ ಇರುವುದೇ ತೊಂದರೆ ಆದ್ದರಿಂದ, ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಒಳಗೆ ನುಗ್ಗುವುದು ಕಡಿಮೆಯಾಗುತ್ತದೆ, ಮೀನಿಗೆ ಶ್ರಮ ತಗ್ಗುತ್ತದೆ. ಉಪ್ಪಿನ ಚಿಕಿತ್ಸೆ ಅಂದರೆ ಇಷ್ಟೇ. ಅದು ಮಂತ್ರ ಅಲ್ಲ.

ನಾವು ಮಾಡಿದ ಚಿಕಿತ್ಸೆ

ಮೊದಲು ಔಷಧಿ ಏನೂ ಹಾಕಲಿಲ್ಲ. ಕಿತ್ತಳೆ ಮೀನಿಗೆ ಒಂದೇ ಕಣ್ಣು ಉಬ್ಬಿತ್ತು, ಹೊಟ್ಟೆ ಸರಿಯಾಗಿತ್ತು, ತಿನ್ನುತ್ತಿತ್ತು, ಕಣ್ಣಿನ ಹತ್ತಿರ ಎರಡು ಹುರುಪೆ ಕಿತ್ತುಹೋಗಿತ್ತು. ತೊಟ್ಟಿಯ ಒಳಗೆ ಅಂದಕ್ಕೆ ಇಟ್ಟಿದ್ದ ಒಡೆದ ಶಂಖದ ಅಂಚು ಬೆರಳಿಗೆ ತಾಗಿದರೆ ಕುಯ್ಯುವಷ್ಟು ಚೂಪಾಗಿತ್ತು. ಇಷ್ಟು ಸೇರಿದರೆ ಪೆಟ್ಟು ಅನ್ನಬಹುದು. ಶಂಖ ತೆಗೆದೆವು. ಬಿಳಿ ಮೀನಿಗೆ ಎರಡೂ ಕಣ್ಣಿನ ಮೇಲ್ಗಡೆ ಮಬ್ಬು, ಉಳಿದ ಮೀನುಗಳೂ ಬೆಳಿಗ್ಗೆ ಹೊತ್ತು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಇದು ನೀರಿನ ದೋಷ.

ದಿನಕ್ಕೆ ಕಾಲು ಭಾಗದಂತೆ, ಅಂದರೆ ಸುಮಾರು 14 ಲೀಟರ್, ಒಂದು ದಿನ ಇಟ್ಟ ನೀರಿನಿಂದ ಬದಲಾಯಿಸಿದೆವು. ಪೂರ್ತಿ ನೀರು ಒಂದೇ ಸಲ ಚೆಲ್ಲಬಾರದು, ಮೀನಿಗೆ ಧಕ್ಕೆಯಾಗುತ್ತದೆ. ಹೊಸ ನೀರು ಹಳೇ ನೀರಿನಷ್ಟೇ ಬೆಚ್ಚಗಿರಬೇಕು. ಮರಳಿನೊಳಗಿನ ಕೊಳೆಯನ್ನು ಪೈಪಿನಿಂದ ಎಳೆದಾಗ ಬಂದ ವಾಸನೆ ಹಾಳೆಯ ಮೇಲೆ ಬರೆಯೋಕಾಗಲ್ಲ.

ಕಿತ್ತಳೆ ಮೀನನ್ನು ಮಾತ್ರ 20 ಲೀಟರಿನ ಟಬ್ಬಿನಲ್ಲಿ, ಗಾಳಿಯ ಪಂಪು ಹಾಕಿ ಬೇರೆ ಇಟ್ಟೆವು. ಉಪ್ಪಿನ ಲೆಕ್ಕ ಹೀಗೆ: ಮೊದಲ ದಿನ ಲೀಟರಿಗೆ 1 ಗ್ರಾಂ, ಒಟ್ಟು 20 ಗ್ರಾಂ. ಎರಡನೇ ದಿನ ಇನ್ನೊಂದು 20, ಮೂರನೇ ದಿನ ಇನ್ನೊಂದು 20. ಅಲ್ಲಿಗೆ ಲೀಟರಿಗೆ 3 ಗ್ರಾಂ ಆಯಿತು, ಅಲ್ಲಿಗೆ ನಿಲ್ಲಿಸಬೇಕು. ಕಲ್ಲುಪ್ಪನ್ನು ಅಂಗಡಿಯ ತಕ್ಕಡಿಯಲ್ಲಿ 20 ಗ್ರಾಂನಂತೆ ತೂಗಿಸಿ ಪೊಟ್ಟಣ ಕಟ್ಟಿಸಿದ್ದೆವು. ಚೊಂಬಿನ ನೀರಲ್ಲಿ ಕರಗಿಸಿಯೇ ಹಾಕಬೇಕು, ಹರಳು ಮೀನಿನ ಮೇಲೆ ಬೀಳಬಾರದು. ಎಲ್ಲರೂ ತಪ್ಪುವುದು ಮುಂದಿನ ಲೆಕ್ಕದಲ್ಲಿ: ಉಪ್ಪು ಆವಿಯಾಗಿ ಹೋಗುವುದಿಲ್ಲ. 5 ಲೀಟರ್ ನೀರು ಬದಲಾಯಿಸಿದರೆ 5 ಲೀಟರಿಗೆ ಬೇಕಾದ 15 ಗ್ರಾಂ ಮಾತ್ರ ಮತ್ತೆ ಹಾಕಬೇಕು. ದಿನಾ 60 ಗ್ರಾಂ ಹಾಕಿದರೆ ಉಪ್ಪಿನಕಾಯಿ ಆಗುತ್ತೆ. ತೊಟ್ಟಿಯಲ್ಲಿ ಗಿಡಗಳಿದ್ದರೆ, ಹುರುಪೆ ಇಲ್ಲದ ಮೀಸೆ ಮೀನುಗಳಿದ್ದರೆ ಇಷ್ಟು ಉಪ್ಪು ಅವು ತಡೆಯವು. ಬೇರೆ ಟಬ್ಬು ಬೇಕಾದ್ದು ಅದಕ್ಕೇ.

ಎಪ್ಸಮ್ ಉಪ್ಪು ಅಂತ ಇನ್ನೊಂದಿದೆ, ಮೆಗ್ನೀಸಿಯಂ ಸಲ್ಫೇಟ್. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಊದಿದ್ದನ್ನು ಇಳಿಸಲು ಮೀನು ಸಾಕುವವರು 20 ಲೀಟರಿಗೆ ಒಂದು ಟೀ ಚಮಚದಂತೆ ಇದನ್ನು ಬಳಸುತ್ತಾರೆ. ಹೆಸರು ಉಪ್ಪು ಆದರೂ ಅಡುಗೆ ಉಪ್ಪು ಬೇರೆ, ಇದು ಬೇರೆ. ಒಂದರ ಬದಲು ಇನ್ನೊಂದು ಹಾಕಬೇಡಿ.

ಪುಸ್ತಕದ ಪ್ರಕಾರ ಬರೆದಿಟ್ಟ ದಿನಗಳು: ಬಿಳಿ ಮೀನಿನ ಕಣ್ಣು ನಾಲ್ಕನೇ ದಿನ ಸ್ವಲ್ಪ ತಿಳಿಯಾಯಿತು, ಒಂಬತ್ತನೇ ದಿನ ಪೂರ್ತಿ ಸರಿ. ಕಿತ್ತಳೆ ಮೀನಿನ ಕಣ್ಣು ಮೊದಲ ವಾರ ಹಾಗೇ ಇತ್ತು. ಆಗಲೇ "ಕೆರೆಗೆ ಬಿಡಿ" ಅನ್ನೋ ಮಾತು ಜೋರಾದದ್ದು. ಹತ್ತನೇ ದಿನದಿಂದ ಇಳಿಯಲು ಶುರುವಾಗಿ ಮೂರು ವಾರಕ್ಕೆ ಹೆಚ್ಚು ಕಡಿಮೆ ಸಮ ಆಗಿದೆ. ಆದರೆ ಕಣ್ಣಿನ ಮೇಲೆ ಬಿಳೀ ಕಲೆ ಉಳಿದಿದೆ. ಆ ಕಡೆಯಿಂದ ಕಾಳು ಹಾಕಿದರೆ ತಿರುಗಿ ನೋಡುವುದಿಲ್ಲ.

ಕಣ್ಣಿನ ಮೇಲೆ ಹತ್ತಿಯ ಹಾಗೆ ಬೂಷ್ಟು ಬೆಳೆದಿದ್ದರೆ ಅದು ಶಿಲೀಂಧ್ರ. ಗಾಯ ಆದ ಜಾಗದಲ್ಲಿ ಬರುತ್ತದೆ. ಅದಕ್ಕೆ ಮೀನಿನ ಅಂಗಡಿಯಲ್ಲಿ ಸಿಗುವ ನೀಲಿ ಬಣ್ಣದ ಮೆಥಿಲೀನ್ ಬ್ಲೂ ಹಾಕುತ್ತಾರೆ, ಶೀಷೆಯ ಮೇಲೆ ಬರೆದ ಅಳತೆಯಲ್ಲಿ, ಅದೂ ಬೇರೆ ಟಬ್ಬಿನಲ್ಲಿ. ತೊಟ್ಟಿಗೇ ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಗಳೂ ಸಾಯುತ್ತವೆ.

ಮಾತ್ರೆಯ ವಿಷಯ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ, ಕ್ಯಾಪ್ಸೂಲು ತಂದು ನೀರಿಗೆ ಹಾಕುವುದು ಬೇಡವೇ ಬೇಡ. ಪೆಟ್ಟಿನಿಂದ ಉಬ್ಬಿದ ಕಣ್ಣಿಗೆ ಅದರಿಂದ ಏನೂ ಆಗದು. ಸೋಂಕು ಇದ್ದರೂ ಯಾವ ಬ್ಯಾಕ್ಟೀರಿಯ, ಯಾವ ಔಷಧಿ, ಎಷ್ಟು ಅಂತ ತಿಳಿಯದೆ ಅರ್ಧಂಬರ್ಧ ಹಾಕಿದರೆ ಬ್ಯಾಕ್ಟೀರಿಯಗಳು ಆ ಔಷಧಿಗೆ ಜಗ್ಗದ ಹಾಗೆ ಆಗುತ್ತವೆ. ಆಮೇಲೆ ಆ ನೀರನ್ನು ಚೆಲ್ಲುವುದು ನಮ್ಮ ಚರಂಡಿಗೇ ತಾನೆ? ಎರಡೂ ಕಣ್ಣು ಉಬ್ಬಿ, ತಿನ್ನುವುದು ಬಿಟ್ಟಿದ್ದರೆ ಪಶುವೈದ್ಯರನ್ನೋ ಮೀನುಗಾರಿಕೆ ಇಲಾಖೆಯವರನ್ನೋ ಕೇಳಬೇಕು. ಮೀನಿನ ವಿಷಯವನ್ನೇ ಓದುವ ಕಾಲೇಜು ನಮ್ಮ ರಾಜ್ಯದಲ್ಲೇ ಇದೆ. ಮಂಗಳೂರಿನಲ್ಲಿ 1969ರಲ್ಲಿ ಶುರುವಾಯಿತು, ದೇಶದಲ್ಲೇ ಮೊದಲನೆಯದು. ಅರಿಶಿನವೂ ಬೇಡ, ನೀರು ಕದಡಿ ಕಣ್ಣು ಕಾಣದ ಹಾಗೆ ಆಗುತ್ತದೆ ಅಷ್ಟೆ.

ಕೆರೆಗೆ ಯಾಕೆ ಬಿಡಬಾರದು?

ಗೋಲ್ಡ್ ಫಿಷ್ ನಮ್ಮ ಕಡೆಯ ಮೀನಲ್ಲ, ಚೀನಾದಲ್ಲಿ ಸಾಕಿ ಬೆಳೆಸಿದ್ದು. ಬದುಕಿದರೆ ಕೆಸರು ಕೆದಕಿ, ಬೇರೆ ಮೀನಿನ ಮೊಟ್ಟೆ ತಿಂದು ಕೆರೆ ಹಾಳು ಮಾಡುತ್ತದೆ. ಬದುಕದಿದ್ದರೂ ಅದರ ಜೊತೆ ಇದ್ದ ರೋಗ ಕೆರೆಗೆ ಸೇರುತ್ತದೆ. ಆ ಕೆರೆಯಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟು ಹೊಟ್ಟೆ ಹೊರೆಯುವವರ ಮಕ್ಕಳು ನಮ್ಮ ಕ್ಲಾಸಿನಲ್ಲೇ ಇದ್ದಾರೆ.

ಇನ್ನು ಒಂದು ಕಣ್ಣು ಹೋದ ಮೀನು ಇದ್ದು ಏನು ಪ್ರಯೋಜನ ಅಂತ ಕೇಳುವವರಿಗೆ. ಮೀನು ಬರೀ ಕಣ್ಣಿಂದ ಬದುಕುವುದಿಲ್ಲ. ಅದರ ಪಕ್ಕೆಯ ಉದ್ದಕ್ಕೂ ಚುಕ್ಕಿ ಚುಕ್ಕಿ ಗೆರೆ ಇದೆ, ಚಿತ್ರದಲ್ಲಿ ಕೆಂಪು ಪೆನ್ನಿನಲ್ಲಿ ತೋರಿಸಿದ್ದೇನೆ. ನೀರಿನ ಸಣ್ಣ ಅಲುಗಾಟವನ್ನೂ ಅದು ತಿಳಿಯುತ್ತದೆ. ವಾಸನೆಯೂ ಚೆನ್ನಾಗಿ ಗೊತ್ತಾಗುತ್ತದೆ. ಮೆಕ್ಸಿಕೋ ದೇಶದ ಗುಹೆಗಳಲ್ಲಿರುವ ಒಂದು ಮೀನಿಗೆ ಮರಿಯಾಗಿದ್ದಾಗ ಕಣ್ಣು ಮೂಡಿ ಆಮೇಲೆ ನಶಿಸಿಹೋಗುತ್ತದೆ, ಆದರೂ ಗೋಡೆಗೆ ಡಿಕ್ಕಿ ಹೊಡೆಯದೆ ಈಜುತ್ತದೆ. ಅಷ್ಟು ದೂರ ಯಾಕೆ, ಪಕ್ಕದ ಕೇರಳದ ಕೊಟ್ಟಾಯಂ ಕಡೆ ಬಾವಿಗಳಲ್ಲಿ ಸಿಗುವ ಹೊರಾಗ್ಲಾನಿಸ್ ಕೃಷ್ಣೈ ಎಂಬ ಪುಟ್ಟ ಮೀಸೆ ಮೀನಿಗೆ ಕಣ್ಣೇ ಇಲ್ಲ. ಅದನ್ನು 1950ರಲ್ಲಿ ಮೊದಲು ವರ್ಣಿಸಿದರು. ಇನ್ನೊಂದು ಕಡೆ ಜೀಬ್ರಾ ಮೀನು ಇದೆ. ನಮ್ಮ ದೇಶದ ಹಳ್ಳ, ಗದ್ದೆಯ ನೀರಲ್ಲಿರುವ ಪಟ್ಟೆ ಪಟ್ಟೆ ಮೀನು. ಅದರ ಕಣ್ಣಿನ ಹಿಂದಿನ ಅಕ್ಷಿಪಟಲಕ್ಕೆ ಗಾಯವಾದರೆ ತಾನೇ ಮತ್ತೆ ಬೆಳೆಸಿಕೊಳ್ಳುತ್ತದೆ! ಮನುಷ್ಯರಿಗೆ ಆಗದ್ದು ಅದಕ್ಕೆ ಹೇಗೆ ಆಗುತ್ತದೆ ಎಂದು ಬಹಳ ದೇಶಗಳ ವಿಜ್ಞಾನಿಗಳು ಅದನ್ನೇ ಸಾಕಿಕೊಂಡು ಓದುತ್ತಿದ್ದಾರೆ.

ಕಿತ್ತಳೆ ಮೀನಿಗೆ ಇನ್ನು ಮುಂದೆ ಎಡಗಡೆಯಿಂದ, ದಿನಾ ಒಂದೇ ಮೂಲೆಯಲ್ಲಿ ಆಹಾರ ಹಾಕಿ. ಅದಕ್ಕೆ ಜಾಗ ಅಭ್ಯಾಸವಾಗುತ್ತದೆ. ಚುರುಕಾದ ಮೀನುಗಳು ಅದರ ಪಾಲು ಕಸಿಯದಂತೆ ಅವಕ್ಕೆ ಇನ್ನೊಂದು ಮೂಲೆಯಲ್ಲಿ ಮೊದಲೇ ಹಾಕಿಬಿಡಿ. ಈಗ 6 ಮೀನು ಉಳಿದಿವೆ, ಅದೂ ಹೆಚ್ಚೇ. ತೋಟದ ಹತ್ತಿರ ಖಾಲಿ ಬಿದ್ದಿರುವ ಸಿಮೆಂಟ್ ತೊಟ್ಟಿಗೆ ನೆರಳು, ಬಲೆ ಮಾಡಿಸಿ ನಾಲ್ಕನ್ನು ಅಲ್ಲಿಗೆ ಬಿಡಬಹುದೇ ಎಂದು ಹೆಡ್ ಮೇಷ್ಟ್ರನ್ನು ಈ ಪತ್ರಿಕೆಯ ಮೂಲಕವೇ ಕೇಳುತ್ತಿದ್ದೇನೆ.

ತೊಟ್ಟಿಗೆ ಕೈ ಹಾಕುವವರು ಕೈಯಲ್ಲಿ ಗಾಯ ಇದ್ದರೆ ಹಾಕಬೇಡಿ. ಮೀನಿನ ತೊಟ್ಟಿಯ ಕೆಲವು ಬ್ಯಾಕ್ಟೀರಿಯಗಳು ಗಾಯದ ಮೂಲಕ ನಮ್ಮ ಚರ್ಮಕ್ಕೂ ಹುಣ್ಣು ತರುತ್ತವೆ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ತೊಟ್ಟಿಗೆ ಕೈ ಹಾಕುವ ಮುಂಚೆ ಮಾತ್ರ ಸೋಪು ಬೇಡ, ಬರೀ ನೀರು ಸಾಕು. ಉಳಿದ ಉಪ್ಪಿನ ಪೊಟ್ಟಣಗಳು ವಿಜ್ಞಾನದ ಬೀರುವಿನ ಕೆಳಗಿನ ಖಾನೆಯಲ್ಲಿವೆ, ಬರೆಯುವ ಪುಸ್ತಕ ತೊಟ್ಟಿಯ ಪಕ್ಕದ ಮೊಳೆಗೆ ನೇತು ಹಾಕಿದೆ.